ವಿಮಾನ ನಿಲ್ದಾಣಗಳಲ್ಲಿ ಸಾಮಾನುಗಳ ಭದ್ರತಾ ತಪಾಸಣೆ: ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳ ಪ್ರಯಾಣಿಕರಿಗೆ ಮಾಹಿತಿ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಿಂದ ವಿದ್ಯಾಭ್ಯಾಸ, ಉದ್ಯೋಗ ಹಾಗೂ ಮಕ್ಕಳ ಭೇಟಿಯ ನಿಮಿತ್ತ ಅನೇಕರು ವಿದೇಶ ಪ್ರಯಾಣ ಕೈಗೊಳ್ಳುತ್ತಾರೆ. ಹೆಗಡೆಕಟ್ಟಾದಂತಹ ಗ್ರಾಮದಿಂದ ಮೊದಲ ಬಾರಿಗೆ ವಿಮಾನವೇರುವ ಹಿರಿಯರಿಗೆ ಪಾಸ್‌ಪೋರ್ಟ್ ಮತ್ತು ವೀಸಾಕ್ಕಿಂತ ಹೆಚ್ಚು ಗಾಬರಿಯನ್ನು ಉಂಟುಮಾಡುವುದು ಸಾಮಾನು ತಪಾಸಣೆಯೇ ಆಗಿರುತ್ತದೆ. ಇಂತಹ ಪ್ರಯಾಣಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಶಿರಸಿ ಮತ್ತು ಯಲ್ಲಾಪುರ ತಾಲ್ಲೂಕುಗಳಿಗೆ ಅತಿ ಸಮೀಪದ ವಿಮಾನ ನಿಲ್ದಾಣವು ಹುಬ್ಬಳ್ಳಿಯಲ್ಲಿದ್ದು, ಅಲ್ಲಿಂದ ದೇಶೀಯ ವಿಮಾನಗಳು ಮಾತ್ರ ಸಂಚರಿಸುತ್ತವೆ. ಹೊರದೇಶಗಳಿಗೆ ಹೋಗುವವರು ಹೆಚ್ಚಾಗಿ ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಿನಿಂದ ಕಾರ್ಯನಿರ್ವಹಿಸುತ್ತಿರುವ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವನ್ನು, ಕೆಲವರು ಮಂಗಳೂರು ಇಲ್ಲವೇ ಗೋವಾದ ದಾಬೋಲಿಂ ಮತ್ತು ಮೋಪಾ ನಿಲ್ದಾಣಗಳನ್ನು ಅವಲಂಬಿಸುತ್ತಾರೆ. ಬೆಂಗಳೂರಿನ ನಿವಾಸಿಯು ತಪಾಸಣೆಯಲ್ಲಿ ನಿರಾಕರಿಸಲ್ಪಟ್ಟ ವಸ್ತುವನ್ನು ಬೀಳ್ಕೊಡಲು ಬಂದವರ ಕೈಗೆ ಕೊಟ್ಟು ಕಳುಹಿಸಬಹುದು. ರಾತ್ರಿ ಬಸ್ಸಿನಲ್ಲಿ ಸುಮಾರು 400 ಕಿ.ಮೀ. ದೂರದಿಂದ ಒಬ್ಬರೇ ಬಂದವರಿಗೆ ಆ ಅನುಕೂಲವಿರುವುದಿಲ್ಲ. ವಸ್ತುವನ್ನು ಅಲ್ಲಿಯೇ ಬಿಟ್ಟು ಹೋಗಬೇಕಾಗುತ್ತದೆ. ಆದ್ದರಿಂದ ಈ ಭಾಗದ ಪ್ರಯಾಣಿಕರ ಮಟ್ಟಿಗೆ ತಪಾಸಣೆಯ ಸಿದ್ಧತೆಯು ಮನೆಯ ಜಗಲಿಯಲ್ಲಿಯೇ ಮುಗಿದಿರಬೇಕು.

ತಪಾಸಣೆಯ ಹಿನ್ನೆಲೆ

ಸಾಮಾನು ತಪಾಸಣೆಯು ಪ್ರಯಾಣಿಕರ ಮೇಲಿನ ಸಂಶಯದಿಂದ ನಡೆಯುವ ಕ್ರಮವಲ್ಲ. 1985ರ ಜೂನ್ 23ರಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನವು ಐರ್ಲೆಂಡಿನ ಸಮೀಪ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು ಅದರಲ್ಲಿದ್ದ 329 ಮಂದಿಯೂ ಮೃತಪಟ್ಟರು. ಬಾಂಬು ಇದ್ದ ಪೆಟ್ಟಿಗೆಯನ್ನು ಕೆನಡಾದ ವ್ಯಾಂಕೂವರಿನಲ್ಲಿ ಪ್ರಯಾಣಿಕನೊಬ್ಬನ ಹೆಸರಿನಲ್ಲಿ ಕೊಡಲಾಗಿತ್ತು. ಆದರೆ ಆ ಪ್ರಯಾಣಿಕ ವಿಮಾನವನ್ನು ಏರಿಯೇ ಇರಲಿಲ್ಲ. ಟೊರಾಂಟೋದಲ್ಲಿ ಸಾಮಾನು ಪರೀಕ್ಷಿಸುತ್ತಿದ್ದ ಎಕ್ಸ್-ರೇ ಯಂತ್ರವು ಅಂದು ನಡುವೆಯೇ ಕೆಟ್ಟಿತ್ತು. ಒಡೆಯನಿಲ್ಲದ ಪೆಟ್ಟಿಗೆಯು ವಿಮಾನದಲ್ಲಿ ಇರಕೂಡದು, ಪ್ರತಿಯೊಂದು ಸಾಮಾನೂ ಪರೀಕ್ಷೆಗೆ ಒಳಪಡಬೇಕು ಎಂಬ ಇಂದಿನ ನಿಯಮಗಳ ಹಿಂದೆ ಈ ದುರಂತವಿದೆ. ವಿಮಾನದಲ್ಲಿದ್ದವರ ಪೈಕಿ ಬಹುಪಾಲು ಜನರು ಬಂಧುಗಳನ್ನು ಕಾಣಲು ಹೊರಟ ಭಾರತೀಯ ಮೂಲದ ಕುಟುಂಬಗಳವರು ಎಂಬುದನ್ನು ಸರತಿಯಲ್ಲಿ ಬೇಸರಗೊಳ್ಳುವವರು ನೆನಪಿನಲ್ಲಿಡುವುದು ಒಳಿತು.

ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ (ಬಿಸಿಎಎಸ್) 1987ರ ಏಪ್ರಿಲ್ 1ರಿಂದ ಸ್ವತಂತ್ರ ಇಲಾಖೆಯಾಗಿ ಕಾರ್ಯನಿರ್ವಹಿಸುತ್ತಿದ್ದು, ದೇಶದ ಎಲ್ಲ ವಿಮಾನ ನಿಲ್ದಾಣಗಳ ಭದ್ರತಾ ನಿಯಮಗಳನ್ನು ಇದೇ ಸಂಸ್ಥೆಯು ರೂಪಿಸುತ್ತದೆ. 1999ರ ಡಿಸೆಂಬರಿನಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನವನ್ನು ಕಂದಾಹಾರಕ್ಕೆ ಅಪಹರಿಸಿದ ನಂತರ, 2000ರ ಫೆಬ್ರುವರಿಯಲ್ಲಿ ಜೈಪುರದಿಂದ ಮೊದಲ್ಗೊಂಡು ನಿಲ್ದಾಣಗಳ ಕಾವಲನ್ನು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಗೆ (ಸಿಐಎಸ್‌ಎಫ್) ಹಂತಹಂತವಾಗಿ ವಹಿಸಲಾಯಿತು. ಕೈಸಾಮಾನು ಮತ್ತು ಪ್ರಯಾಣಿಕರ ತಪಾಸಣೆಯನ್ನು ಬಹುತೇಕ ನಿಲ್ದಾಣಗಳಲ್ಲಿ ಈ ಪಡೆಯೂ, ಕೆಲವೆಡೆ ರಾಜ್ಯ ಪೊಲೀಸರೂ ನಡೆಸುತ್ತಾರೆ. ವಿಮಾನದ ಕೆಳಭಾಗಕ್ಕೆ ಹೋಗುವ ಚೆಕ್-ಇನ್ ಸಾಮಾನಿನ ಪರೀಕ್ಷೆಯು ವಿಮಾನಯಾನ ಸಂಸ್ಥೆ ಅಥವಾ ನಿಲ್ದಾಣದ ಆಡಳಿತದ ಹೊಣೆಯಾಗಿರುತ್ತದೆ. ದೂರು ಸಲ್ಲಿಸುವ ಸಂದರ್ಭ ಬಂದಲ್ಲಿ ಈ ವ್ಯತ್ಯಾಸ ತಿಳಿದಿರುವುದು ಅವಶ್ಯ.

ಯಂತ್ರವು ಕಾಣುವುದು ಏನನ್ನು?

ತಪಾಸಣಾ ಯಂತ್ರದ ಪರದೆಯ ಮೇಲೆ ವಸ್ತುಗಳು ಬಣ್ಣಗಳಾಗಿ ಮೂಡುತ್ತವೆ. ಲೋಹವು ನೀಲಿಯಾಗಿ, ಆಹಾರ, ಕಾಗದ, ಬಟ್ಟೆ ಮುಂತಾದ ಸಾವಯವ ಪದಾರ್ಥಗಳು ಕಿತ್ತಳೆ ಬಣ್ಣದಲ್ಲಿ ಕಾಣುತ್ತವೆ. ಹೆಚ್ಚಿನ ಸ್ಫೋಟಕಗಳೂ ಸಾವಯವ ಪದಾರ್ಥಗಳೇ ಆದುದರಿಂದ ಅವೂ ಕಿತ್ತಳೆ ಬಣ್ಣದಲ್ಲಿಯೇ ಕಾಣುತ್ತವೆ. ಒತ್ತಾಗಿ ಕಟ್ಟಿದ ಬೆಲ್ಲದ ಅಚ್ಚು, ಗಟ್ಟಿಯಾದ ತುಪ್ಪ, ಮುರುಗಲ ತುಪ್ಪ, ಜೋನಿಬೆಲ್ಲದ ಡಬ್ಬಿ ಇವೆಲ್ಲ ಯಂತ್ರದ ದೃಷ್ಟಿಯಲ್ಲಿ ದಟ್ಟವಾದ ಕಿತ್ತಳೆ ಮುದ್ದೆಗಳು. ಇವುಗಳ ಪಕ್ಕದಲ್ಲಿಯೇ ಮೊಬೈಲ್ ಚಾರ್ಜರಿನ ವೈರು, ಟಾರ್ಚು ಅಥವಾ ಗಡಿಯಾರವಿದ್ದಲ್ಲಿ ಚೀಲವನ್ನು ತೆರೆಸದೆ ಕಳುಹಿಸಲು ಯಾವ ಸಿಬ್ಬಂದಿಗೂ ಧೈರ್ಯ ಬರುವುದಿಲ್ಲ. ಚೀಲ ತೆರೆಯಿಸಿದ್ದು ಅವಮಾನವೆಂದು ಭಾವಿಸುವವರು ಈ ಕಾರಣವನ್ನು ಅರಿಯಬೇಕು. ತಿನಿಸುಗಳನ್ನು ಒಂದು ಕಡೆ, ವೈರು ಮತ್ತು ವಿದ್ಯುತ್ ಉಪಕರಣಗಳನ್ನು ಬೇರೊಂದು ಕಡೆ ಇರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಸಂಶಯ ಬಂದಲ್ಲಿ ಚೀಲವನ್ನೂ ಕೈಗಳನ್ನೂ ಸಣ್ಣ ಪಟ್ಟಿಯಿಂದ ಒರೆಸಿ, ಆ ಪಟ್ಟಿಯನ್ನು ಸ್ಫೋಟಕದ ಕುರುಹು ಪತ್ತೆ ಮಾಡುವ ಯಂತ್ರಕ್ಕೆ ಹಾಕಲಾಗುತ್ತದೆ. ನೈಟ್ರೇಟ್ ಅಂಶವಿರುವ ರಸಗೊಬ್ಬರವೂ ಈ ಯಂತ್ರವನ್ನು ಎಚ್ಚರಿಸಬಲ್ಲದು. ಹೊರಡುವ ದಿನ ಬೆಳಿಗ್ಗೆ ತೋಟಕ್ಕೆ ಗೊಬ್ಬರ ಹಾಕಿ, ಅದೇ ಚಪ್ಪಲಿ ಹಾಗೂ ಚೀಲದೊಂದಿಗೆ ಬಸ್ಸು ಹತ್ತುವುದು ಉಚಿತವಲ್ಲ. ಗೊಬ್ಬರ ತಂದ ಚೀಲದಲ್ಲಿ ಅಡಿಕೆ ಇಲ್ಲವೇ ಕಾಳುಮೆಣಸನ್ನು ತುಂಬಿ ಒಯ್ಯುವುದು ಸರ್ವಥಾ ಸಲ್ಲದು.

ಇದಕ್ಕಿಂತ ಗಂಭೀರವಾದ ಮತ್ತೊಂದು ಸಂಗತಿಯಿದೆ. ಬೆಳೆ ರಕ್ಷಣೆಗಾಗಿ ಪರವಾನಗಿ ಪಡೆದ ಕೋವಿ ಹೊಂದಿರುವ ಮನೆಗಳು ಈ ಭಾಗದಲ್ಲಿವೆ. ಕಾಡುಪ್ರಾಣಿಗಳನ್ನು ಓಡಿಸಲು ಹೋಗುವಾಗ ಹೆಗಲಿಗೆ ಹಾಕಿದ ಚೀಲವನ್ನೇ ಪ್ರಯಾಣಕ್ಕೆ ತೆಗೆದುಕೊಂಡು, ಅದರ ಮೂಲೆಯಲ್ಲಿ ಒಂದು ತೋಟಾ ಉಳಿದಿದ್ದಲ್ಲಿ, ಅದು ಮರೆವಿನಿಂದ ಉಳಿದಿದ್ದೆಂದು ಹೇಳಿದ ಮಾತ್ರಕ್ಕೆ ವಿಷಯ ಅಲ್ಲಿಗೇ ಮುಗಿಯುವುದಿಲ್ಲ. 1959ರ ಆಯುಧ ಅಧಿನಿಯಮದ ಅನ್ವಯ ಪೊಲೀಸ್ ಪ್ರಕರಣ ದಾಖಲಾಗಬಹುದು, ಪ್ರಯಾಣವಂತೂ ನಿಲ್ಲುತ್ತದೆ. ಹಳೆಯ ಚೀಲಗಳ ಎಲ್ಲ ಜೇಬುಗಳನ್ನೂ ಒಳಹೊರಗು ತಿರುವಿ ನೋಡಿದ ನಂತರವೇ ಸಾಮಾನು ತುಂಬತಕ್ಕದ್ದು.

ಯಾವುದನ್ನು ಎಲ್ಲಿ ಇರಿಸಬೇಕು

ಅಂತರರಾಷ್ಟ್ರೀಯ ಪ್ರಯಾಣದ ಕೈಸಾಮಾನಿನಲ್ಲಿ ದ್ರವ ಮತ್ತು ಅರೆದ್ರವ ಪದಾರ್ಥಗಳನ್ನು ತಲಾ 100 ಮಿ.ಲೀ. ಮೀರದ ಸೀಸೆಗಳಲ್ಲಿ, ಒಟ್ಟು 1 ಲೀಟರ್ ಹಿಡಿಯುವ ಪಾರದರ್ಶಕ ಚೀಲದಲ್ಲಿ ಒಯ್ಯಲು ಮಾತ್ರ ಸಾಮಾನ್ಯವಾಗಿ ಅವಕಾಶವಿದೆ. 2006ರ ಆಗಸ್ಟಿನಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕದ ಸಂಚು ಬಯಲಾದ ತರುವಾಯ ಈ ನಿರ್ಬಂಧ ಬಂದಿತು. ಜೋನಿಬೆಲ್ಲ, ಜೇನುತುಪ್ಪ, ತುಪ್ಪ ಮತ್ತು ಉಪ್ಪಿನಕಾಯಿಯ ರಸ ಈ ನಿರ್ಬಂಧಕ್ಕೆ ಒಳಪಡುತ್ತವೆ. ಸೀಸೆಯಲ್ಲಿ ಅರ್ಧ ಮಾತ್ರ ಪದಾರ್ಥವಿದೆ ಎಂಬ ವಾದಕ್ಕೆ ಮನ್ನಣೆ ಇಲ್ಲ; ಲೆಕ್ಕ ಹಾಕುವುದು ಸೀಸೆಯ ಗಾತ್ರವನ್ನು. ಶಿಶು ಆಹಾರ ಮತ್ತು ಅವಶ್ಯಕ ಔಷಧಿಗಳಿಗೆ ಪರೀಕ್ಷೆಯ ನಂತರ ವಿನಾಯಿತಿ ನೀಡಲಾಗುತ್ತದೆ.

ಅಪ್ಪೆಮಿಡಿ ಉಪ್ಪಿನಕಾಯಿಯ ವಿಷಯದಲ್ಲಿ ಹೆಚ್ಚಿನ ವಿವರಣೆ ಬೇಕಾಗುತ್ತದೆ, ಏಕೆಂದರೆ ಶಿರಸಿ ಸೀಮೆಯಿಂದ ಹೊರಡುವ ಪೆಟ್ಟಿಗೆಗಳಲ್ಲಿ ಅದಿಲ್ಲದ ಪೆಟ್ಟಿಗೆ ಅಪರೂಪ. ಖಾರದ ಉಪ್ಪಿನಕಾಯಿ ಮತ್ತು ಮೆಣಸಿನ ಪುಡಿಯನ್ನು ಭದ್ರತಾ ಸಿಬ್ಬಂದಿಯು ಕೈಸಾಮಾನಿನಲ್ಲಿ ಸಾಮಾನ್ಯವಾಗಿ ಬಿಡುವುದಿಲ್ಲ. ಅವು ಚೆಕ್-ಇನ್ ಪೆಟ್ಟಿಗೆಯಲ್ಲಿರಬೇಕು. ಗಾಜಿನ ಭರಣಿಗಿಂತ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಮೇಲು. ಡಬ್ಬಿಯನ್ನು ಕಂಠಮಟ್ಟ ತುಂಬದೆ ಸ್ವಲ್ಪ ಜಾಗ ಬಿಟ್ಟು, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಚೀಲಗಳೊಳಗೆ ಇಡಬೇಕು. ಆದರೆ ಡಬ್ಬಿಯ ಮೇಲೆ ಹತ್ತಾರು ಸುತ್ತು ಟೇಪು, ಅದರ ಮೇಲೆ ಬಟ್ಟೆ, ಮತ್ತೆ ಗೋಣಿದಾರ ಹೀಗೆ ಬಿಚ್ಚಲಾಗದಂತೆ ಕಟ್ಟುವ ಪದ್ಧತಿಯನ್ನು ಬಿಡಬೇಕು. ತಪಾಸಣೆಯವರು ಬಿಚ್ಚಲಾಗದ್ದನ್ನು ಕತ್ತರಿಸುತ್ತಾರೆ, ಕತ್ತರಿಸಿದ್ದನ್ನು ಮೊದಲಿನಂತೆ ಕಟ್ಟಿಕೊಡುವ ಹೊಣೆ ಅವರದಲ್ಲ. ಬಿಚ್ಚಿ ನೋಡಿ ಪುನಃ ಮುಚ್ಚಲು ಬರುವಂತಹ ಕಟ್ಟು ಪ್ರಯಾಣಿಕರಿಗೇ ಹಿತ. ತೊಡೆದೇವು ಮತ್ತು ಹಲಸಿನ ಹಪ್ಪಳ ತಪಾಸಣೆಯಲ್ಲಿ ತೊಡಕು ಮಾಡುವುದು ಕಡಿಮೆ. ಅವುಗಳಿಗೆ ಭಯವಿರುವುದು ಮೇಲೆ ಇಟ್ಟ ಉಪ್ಪಿನಕಾಯಿ ಡಬ್ಬಿಯ ಭಾರದಿಂದ.

ಕೊಬ್ಬರಿಯು ಮನೆಯಲ್ಲಿ ಅಡುಗೆಯ ಪದಾರ್ಥವಾದರೂ ವಿಮಾನಯಾನದ ನಿಯಮದಲ್ಲಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಅಪಾಯಕಾರಿ ವಸ್ತುಗಳ ವರ್ಗಕ್ಕೆ ಸೇರುತ್ತದೆ. ಅದರಲ್ಲಿನ ಎಣ್ಣೆಯ ಅಂಶವೇ ಇದಕ್ಕೆ ಕಾರಣ. ಆದ್ದರಿಂದ ಒಣಕೊಬ್ಬರಿಯನ್ನು ಚೆಕ್-ಇನ್ ಸಾಮಾನಿನಲ್ಲಿಯೂ ಒಯ್ಯುವಂತಿಲ್ಲ. ಕರ್ಪೂರ, ಬೆಂಕಿಪೊಟ್ಟಣ ಮತ್ತು ಪಟಾಕಿಗಳು ಸಹ ಹೊತ್ತಿಕೊಳ್ಳುವ ವಸ್ತುಗಳಾದ್ದರಿಂದ ಪೂಜಾ ಸಾಮಗ್ರಿಯ ಚೀಲವನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಇಡೀ ತೆಂಗಿನಕಾಯಿಯನ್ನು ಕೈಸಾಮಾನಿನಲ್ಲಿ ಬಿಡುವುದಿಲ್ಲ. ಇರುಮುಡಿ ಹೊತ್ತ ಶಬರಿಮಲೆ ಯಾತ್ರಿಕರಿಗಾಗಿ ಬಿಸಿಎಎಸ್ 2024ರ ಅಕ್ಟೋಬರಿನಲ್ಲಿ ವಿನಾಯಿತಿ ನೀಡಿತ್ತಾದರೂ ಅದು 2025ರ ಜನವರಿ 20ರವರೆಗಿನ ಯಾತ್ರಾ ಅವಧಿಗೆ ಮಾತ್ರ ಸೀಮಿತವಾಗಿತ್ತು. ಮಾರಿಕಾಂಬಾ ದೇವಸ್ಥಾನದ ಪ್ರಸಾದವೆಂದು ಕೈಯಲ್ಲಿ ಹಿಡಿದ ಕಾಯಿಗೆ ಈ ವಿನಾಯಿತಿ ಅನ್ವಯಿಸದು. ಕುಂಕುಮ, ಒಣ ಹೂವು ಒಯ್ಯಲು ಅಡ್ಡಿಯಿಲ್ಲ.

ಅಡಕತ್ತರಿಯು ಹರಿತವಾದ ಆಯುಧವೆಂದೇ ಪರಿಗಣಿಸಲ್ಪಡುವುದರಿಂದ ಕವಳದ ಸಂಚಿಯನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಬರುವ ಹಿರಿಯರು ಅದನ್ನು ಮೊದಲೇ ತೆಗೆದು ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಕು. ಕವಳದ ಚಟವಿದ್ದವರು ಅಡಿಕೆಯನ್ನು ಮನೆಯಲ್ಲಿಯೇ ಹೋಳು ಮಾಡಿ ತರುವುದು ಸೂಕ್ತ.

ಇದಕ್ಕೆ ವ್ಯತಿರಿಕ್ತವಾಗಿ, ಪವರ್ ಬ್ಯಾಂಕ್ ಮತ್ತು ಬಿಡಿ ಲಿಥಿಯಂ ಬ್ಯಾಟರಿಗಳು ಕೈಸಾಮಾನಿನಲ್ಲಿಯೇ ಇರತಕ್ಕದ್ದು. ಚೆಕ್-ಇನ್ ಪೆಟ್ಟಿಗೆಯಲ್ಲಿ ಅವು ಕಂಡುಬಂದರೆ ಪ್ರಯಾಣಿಕರನ್ನು ಕರೆಯಿಸಿ ತೆರೆಯಿಸಲಾಗುತ್ತದೆ. ಪೆಟ್ಟಿಗೆ ವಿಮಾನ ತಪ್ಪಲು ಇದು ಬಹಳ ಸಾಮಾನ್ಯ ಕಾರಣ. ಮಿತಿ 100 ವ್ಯಾಟ್-ಗಂಟೆ. ಸಾಧನದ ಮೇಲೆ 20,000 ಎಂ.ಎ.ಎಚ್. ಎಂದು ಬರೆದಿದ್ದರೆ ಅದು ಸುಮಾರು 74 ವ್ಯಾಟ್-ಗಂಟೆಗೆ ಸಮನಾಗಿರುತ್ತದೆ. ಬರಹ ಅಳಿಸಿ ಹೋದ ಪವರ್ ಬ್ಯಾಂಕನ್ನು ಮನೆಯಲ್ಲಿಯೇ ಬಿಡಬೇಕು. ಇಲೆಕ್ಟ್ರಾನಿಕ್ ಸಿಗರೇಟನ್ನು 2019ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಘಟ್ಟದ ಕಾಡುಗಳಲ್ಲಿ ಚಾರಣ ಮಾಡಲೆಂದು ವಿದೇಶದಿಂದ ಬರುವ ಬಂಧುಗಳು ಉಪಗ್ರಹ ಫೋನು ಅಥವಾ ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಸಾಧನವನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ಗೋವಾ ನಿಲ್ದಾಣದಲ್ಲಿ ವಿದೇಶೀಯರ ಮೇಲೆ ಇದಕ್ಕಾಗಿ ಪ್ರಕರಣ ದಾಖಲಾದದ್ದುಂಟು. ಬರುವ ಮೊದಲೇ ಅವರಿಗೆ ತಿಳಿಸುವುದು ಮನೆಯವರ ಕರ್ತವ್ಯ.

ಹಳೆಯ ಮನೆಗಳಿಂದ ಪಂಚಲೋಹದ ಮೂರ್ತಿ ಅಥವಾ ತಾಳೆಗರಿಯನ್ನು ಮಕ್ಕಳಿಗೆ ಕೊಂಡೊಯ್ಯುವ ಆಲೋಚನೆ ಇರುವವರು 1972ರ ಪುರಾತನ ವಸ್ತುಗಳ ಅಧಿನಿಯಮವನ್ನು ಗಮನಿಸಬೇಕು. ನೂರು ವರ್ಷಕ್ಕೂ ಹಳೆಯ ಮೂರ್ತಿ ಹಾಗೂ ಎಪ್ಪತ್ತೈದು ವರ್ಷಕ್ಕೂ ಹಳೆಯ, ಮಹತ್ವದ ಹಸ್ತಪ್ರತಿಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದನ್ನು ನಿಷೇಧಿಸಲಾಗಿದೆ. ವಸ್ತು ಅಷ್ಟು ಹಳೆಯದಲ್ಲವಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಪಡೆದಿರಬೇಕು. ನವಿಲುಗರಿಯನ್ನೂ ದೇಶದ ಹೊರಗೆ ಒಯ್ಯುವಂತಿಲ್ಲ. ಯಕ್ಷಗಾನ ಕಲಾವಿದರು ಮರದ ಕತ್ತಿ, ಬಿಲ್ಲುಬಾಣಗಳನ್ನು ಚೆಕ್-ಇನ್ ಸಾಮಾನಿನಲ್ಲಿ ಇಡಬೇಕು. ಆಯುಧದ ಆಕಾರವಿರುವ ಆಟಿಕೆಯನ್ನೂ ಒಳಗೆ ಬಿಡುವುದಿಲ್ಲ. ಕಿರೀಟ, ಭುಜಕೀರ್ತಿ ಮತ್ತು ಗೆಜ್ಜೆಗಳ ಪೆಟ್ಟಿಗೆಯನ್ನು ತೆರೆಯಿಸುವುದು ಬಹುಮಟ್ಟಿಗೆ ಖಚಿತವಾದ್ದರಿಂದ ವೇಷ ಧರಿಸಿದ ಒಂದು ಭಾವಚಿತ್ರವನ್ನು ಮೇಲ್ಭಾಗದಲ್ಲಿ ಇಟ್ಟಿರುವುದು ಎಷ್ಟೋ ಮಾತುಗಳನ್ನು ಉಳಿಸುತ್ತದೆ. ಚಂಡೆ, ಮದ್ದಳೆಗಳಿಗೆ ಚರ್ಮದ ಮುಚ್ಚಿಗೆ ಇರುವುದರಿಂದ ತಲುಪುವ ದೇಶದಲ್ಲಿ ಅವನ್ನು ಘೋಷಿಸಬೇಕಾಗಬಹುದು.

ಇತರರು ಕೊಟ್ಟ ಪೊಟ್ಟಣ

ಊರಿನಿಂದ ಒಬ್ಬರು ವಿದೇಶಕ್ಕೆ ಹೊರಟರೆಂದು ತಿಳಿದ ಕೂಡಲೇ ನೆಂಟರು, ನೆರೆಯವರು ತಮ್ಮ ಮಕ್ಕಳಿಗೆಂದು ಪೊಟ್ಟಣ ತಂದುಕೊಡುವುದು ಈ ಭಾಗದ ವಾಡಿಕೆ. ಪ್ರೀತಿಯ ವಾಡಿಕೆಯೇ ಆದರೂ ಸಾಮಾನು ತಪಾಸಣೆಯಲ್ಲಿ ಅತ್ಯಂತ ಅಪಾಯಕಾರಿಯಾದದ್ದು ಇದೇ. ‘ಈ ಪೆಟ್ಟಿಗೆಯನ್ನು ತುಂಬಿದವರು ಯಾರು? ಬೇರೆಯವರು ಏನಾದರೂ ಕೊಟ್ಟಿದ್ದಾರೆಯೇ?’ ಎಂದು ವಿಮಾನಯಾನ ಸಂಸ್ಥೆಯ ಸಿಬ್ಬಂದಿ ಕೇಳುವುದು ಉಪಚಾರದ ಮಾತಲ್ಲ. ಪೆಟ್ಟಿಗೆಯೊಳಗೆ ದೊರೆತ ಪ್ರತಿಯೊಂದಕ್ಕೂ ಅದನ್ನು ಒಯ್ದವರೇ ಮೊದಲು ಉತ್ತರಿಸಬೇಕಾಗುತ್ತದೆ.

2019ರ ಜುಲೈನಲ್ಲಿ ಮುಂಬೈಯ ದಂಪತಿಗಳನ್ನು ಕತಾರ್ ದೇಶದ ದೋಹಾ ನಿಲ್ದಾಣದಲ್ಲಿ ಬಂಧಿಸಲಾಯಿತು. ಹತ್ತಿರದ ಬಂಧುವೊಬ್ಬರು ಯಾರಿಗೋ ತಲುಪಿಸಲು ಕೊಟ್ಟ ಪೊಟ್ಟಣದಲ್ಲಿ 4 ಕೆ.ಜಿ.ಗೂ ಹೆಚ್ಚು ಹಶೀಶ್ ಎಂಬ ಮಾದಕ ವಸ್ತುವಿತ್ತು. ತಮಗೆ ಅದರ ಅರಿವಿರಲಿಲ್ಲವೆಂದು ದಂಪತಿಗಳು ಹೇಳಿದರೂ ನ್ಯಾಯಾಲಯವು 10 ವರ್ಷಗಳ ಸೆರೆವಾಸ ವಿಧಿಸಿತು. ಗರ್ಭಿಣಿಯಾಗಿದ್ದ ಪತ್ನಿಗೆ ಸೆರೆಯಲ್ಲಿದ್ದಾಗಲೇ ಹೆರಿಗೆಯಾಯಿತು. ಭಾರತದಲ್ಲಿ ತನಿಖೆ ನಡೆದು ಸಾಕ್ಷ್ಯಗಳು ದೊರೆತ ಮೇಲೆ 2021ರಲ್ಲಿ ಅವರು ದೋಷಮುಕ್ತರಾಗಿ, ಒಂದು ವರ್ಷದ ಮಗುವಿನೊಂದಿಗೆ ಸ್ವದೇಶಕ್ಕೆ ಮರಳಿದರು. ಪೊಟ್ಟಣ ಕೊಟ್ಟವರು ಅಪರಿಚಿತರಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಆದುದರಿಂದ ಪರರ ಪೊಟ್ಟಣವನ್ನು ಒಯ್ಯಲೇಬೇಕಾದಲ್ಲಿ ಕೊಟ್ಟವರ ಎದುರಿನಲ್ಲಿಯೇ ಬಿಚ್ಚಿ, ಪ್ರತಿಯೊಂದು ಡಬ್ಬಿಯ ಮುಚ್ಚಳ ತೆಗೆದು ನೋಡಿ, ತಾವೇ ಪುನಃ ಕಟ್ಟಬೇಕು. ಬಿಚ್ಚಲು ಹೇಳಿದರೆ ಕೊಟ್ಟವರು ಬೇಸರಪಟ್ಟುಕೊಳ್ಳುತ್ತಾರೆಂಬ ಸಂಕೋಚ ಸಲ್ಲದು. ಹೊಲಿದ ದಿಂಬು, ತಳವಿರುವ ಚಿತ್ರಪಟದ ಚೌಕಟ್ಟು, ಅಂಟು ಹಾಕಿದ ಪುಸ್ತಕದ ಕಟ್ಟು ಇಂತಹ ಒಳಗನ್ನು ನೋಡಲಾಗದ ವಸ್ತುಗಳನ್ನು ಸ್ವೀಕರಿಸದಿರುವುದು ಲೇಸು. ವಿಮಾನ ನಿಲ್ದಾಣದಲ್ಲಿ ಅಪರಿಚಿತರ ಚೀಲವನ್ನು ಅರೆಗಳಿಗೆಗೂ ಹಿಡಿದುಕೊಳ್ಳಕೂಡದು.

ತಲುಪುವ ದೇಶದ ನಿರ್ಬಂಧಗಳು

ಬೆಂಗಳೂರಿನಲ್ಲಿ ತಪಾಸಣೆ ಮುಗಿಸಿದ ಸಾಮಾನು ಹೊರದೇಶದಲ್ಲಿ ಪುನಃ ತಪಾಸಣೆಗೊಳಗಾಗುತ್ತದೆ, ಅಲ್ಲಿನ ಕಾನೂನು ಬೇರೆಯಾಗಿರುತ್ತದೆ. ಪಾಯಸಕ್ಕೆ ಬಳಸುವ ಗಸಗಸೆಯು ಸಂಯುಕ್ತ ಅರಬ್ ಎಮಿರೇಟ್ಸ್ ಮತ್ತು ಸಿಂಗಪುರಗಳಲ್ಲಿ ನಿಷಿದ್ಧ ವಸ್ತು. ದುಬೈ ಮಾರ್ಗವಾಗಿ ಬೇರೆಡೆಗೆ ಹೋಗುವವರೂ ಒಯ್ಯಬಾರದು. ವೀಳ್ಯದೆಲೆಗೂ ದುಬೈಯಲ್ಲಿ ನಿಷೇಧವಿದೆ. ಆಸ್ಟ್ರೇಲಿಯಾದಲ್ಲಿ ಸಕಲ ಆಹಾರ ಮತ್ತು ಸಸ್ಯಜನ್ಯ ವಸ್ತುಗಳನ್ನು ಆಗಮನ ಪತ್ರದಲ್ಲಿ ಘೋಷಿಸಬೇಕು. ಅಮೆರಿಕಕ್ಕೆ ಹಸಿ ಕರಿಬೇವು, ಹಸಿ ಹಣ್ಣು, ಬೀಜ, ಗಿಡ ಒಯ್ಯುವಂತಿಲ್ಲ. ತವರಿನ ಕರಿಬೇವಿನ ಗಿಡದ ಬೇರನ್ನು ಸೀರೆಯ ಮಡಿಕೆಯಲ್ಲಿ ಇಟ್ಟು ಒಯ್ಯುವ ಪ್ರಯತ್ನ ದಂಡದಲ್ಲಿ ಕೊನೆಗೊಳ್ಳುತ್ತದೆ. ಘೋಷಿಸಿದ ವಸ್ತು ನಿಷಿದ್ಧವಾಗಿದ್ದಲ್ಲಿ ಸಾಮಾನ್ಯವಾಗಿ ಅದನ್ನು ಪಡೆದುಕೊಂಡು ಬಿಟ್ಟುಬಿಡುತ್ತಾರೆ. ದಂಡ ಬೀಳುವುದು ಮುಚ್ಚಿಟ್ಟದ್ದಕ್ಕೆ.

ಅಮೆರಿಕಕ್ಕೆ ಹೋಗುವ ವಿಮಾನಗಳ ಕೈಸಾಮಾನಿನಲ್ಲಿ 350 ಮಿ.ಲೀ. ಗಾತ್ರಕ್ಕಿಂತ ಹೆಚ್ಚಿನ ಪುಡಿ ಪದಾರ್ಥಗಳಿಗೆ 2018ರ ಜೂನ್ 30ರಿಂದ ಹೆಚ್ಚುವರಿ ತಪಾಸಣೆ ಇದೆ. ಸಾರಿನ ಪುಡಿ, ಚಟ್ನಿಪುಡಿಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವುದು ಸೂಕ್ತ. ಆ ದೇಶದಲ್ಲಿ ಪ್ರಯಾಣಿಕರ ಗೈರುಹಾಜರಿಯಲ್ಲಿಯೂ ಪೆಟ್ಟಿಗೆ ತೆರೆದು ನೋಡುವ ಅಧಿಕಾರ ಭದ್ರತಾ ಸಿಬ್ಬಂದಿಗಿದ್ದು, ತೆರೆದಲ್ಲಿ ಮುದ್ರಿತ ಚೀಟಿಯೊಂದನ್ನು ಒಳಗೆ ಇಡುತ್ತಾರೆ. ಸಾಮಾನ್ಯ ಬೀಗವನ್ನು ಒಡೆಯಬಹುದಾದ್ದರಿಂದ ಅಲ್ಲಿನ ‘ಟಿಎಸ್ಎ’ ಗುರುತಿರುವ ಬೀಗವನ್ನು ಬಳಸಬೇಕು. ಒಡವೆ, ನಗದು ಮತ್ತು ದಾಖಲೆಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡಲೇಬಾರದು.

ಇಂಗ್ಲಿಷ್ ಬಾರದ ಹಿರಿಯರು ಒಬ್ಬರೇ ಹೋಗುವಾಗ ಪೆಟ್ಟಿಗೆಯಲ್ಲಿರುವ ವಸ್ತುಗಳ ಪಟ್ಟಿಯನ್ನು ಎರಡೂ ಭಾಷೆಗಳಲ್ಲಿ ಬರೆಯಿಸಿ, ಒಂದು ಪ್ರತಿಯನ್ನು ಪೆಟ್ಟಿಗೆಯ ಮೇಲ್ಭಾಗದಲ್ಲಿ, ಇನ್ನೊಂದನ್ನು ಪಾಸ್‌ಪೋರ್ಟಿನ ಜೊತೆಯಲ್ಲಿ ಇಡಬೇಕು. ಅಪ್ಪೆಮಿಡಿಗೆ ‘ಮ್ಯಾಂಗೋ ಪಿಕಲ್’, ಜೋನಿಬೆಲ್ಲಕ್ಕೆ ‘ಲಿಕ್ವಿಡ್ ಜಾಗರಿ’ ಎಂದು ಡಬ್ಬಿಗಳ ಮೇಲೂ ಬರೆದಿರಲಿ. ಔಷಧಿಗಳನ್ನು ಮೂಲ ಹಾಳೆಗಳಲ್ಲಿಯೇ, ವೈದ್ಯರ ಚೀಟಿಯೊಂದಿಗೆ ಒಯ್ಯಬೇಕು. ಹೆಸರಿಲ್ಲದ ಕಾಗದದಲ್ಲಿ ಕಟ್ಟಿದ ಚೂರ್ಣವು ಎಷ್ಟೇ ಗುಣಕಾರಿಯಾದರೂ ತಪಾಸಣೆಯವರಿಗೆ ಅದು ಗುರುತಿಲ್ಲದ ಪುಡಿ.

ತಪಾಸಣೆಯ ವೇಳೆಯಲ್ಲಿ

ಸಿಬ್ಬಂದಿಯು ಚೀಲವನ್ನು ಬದಿಗೆ ಸರಿಸಿದಾಗ ಪ್ರಯಾಣಿಕರು ಅಲ್ಲಿಯೇ ನಿಲ್ಲಬೇಕು. ಸಹಾಯ ಮಾಡುವ ಉದ್ದೇಶದಿಂದಲೂ ಚೀಲದೊಳಗೆ ಕೈ ಹಾಕಬಾರದು. ಪೂಜಾ ಮೂರ್ತಿ, ಸಾಲಿಗ್ರಾಮಗಳಿದ್ದಲ್ಲಿ ಮೊದಲೇ ತಿಳಿಸಿ ಹೊಸ ಕೈಗವಸು ಧರಿಸಿ ಪರೀಕ್ಷಿಸುವಂತೆ ವಿನಂತಿಸಬಹುದು. ಮಹಿಳೆಯರ ದೇಹ ತಪಾಸಣೆಯನ್ನು ಮರೆಯಲ್ಲಿ ಮಹಿಳಾ ಸಿಬ್ಬಂದಿಯೇ ನಡೆಸತಕ್ಕದ್ದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಲೋಹಶೋಧಕದ ಮೂಲಕ ಹಾಯುವ ಮುನ್ನವೇ ಆಸ್ಪತ್ರೆಯ ಕಾರ್ಡನ್ನು ತೋರಿಸಬೇಕು. ‘ಬಾಂಬೇನೂ ಇಲ್ಲ, ಬೆಲ್ಲ ಇದೆ’ ಎಂಬಂತಹ ವಿನೋದದ ಮಾತನ್ನು ಯಾವ ಕಾರಣಕ್ಕೂ ಆಡಬಾರದು. ಆ ಒಂದು ಪದವನ್ನು ಕೇಳಿಸಿಕೊಂಡ ಸಿಬ್ಬಂದಿಗೆ ಅದನ್ನು ನಿರ್ಲಕ್ಷಿಸುವ ಸ್ವಾತಂತ್ರ್ಯವಿರುವುದಿಲ್ಲ.

ಸ್ವಾತಂತ್ರ್ಯೋತ್ಸವ, ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ಮತ್ತು ಗಡಿಯಲ್ಲಿ ಉದ್ವಿಗ್ನತೆ ಇರುವಾಗ ತಪಾಸಣೆ ಬಿಗಿಯಾಗುತ್ತದೆ. 2025ರ ಮೇ ತಿಂಗಳಿನಲ್ಲಿ ದೇಶದ ಎಲ್ಲ ನಿಲ್ದಾಣಗಳಲ್ಲಿ ವಿಮಾನವನ್ನು ಏರುವ ಮುನ್ನ ಎರಡನೆಯ ಬಾರಿ ಕೈಸಾಮಾನು ಪರೀಕ್ಷಿಸಲಾಯಿತು. ಇಂತಹ ದಿನಗಳಲ್ಲಿ ಘಟ್ಟದ ರಸ್ತೆ ಮತ್ತು ಬೆಂಗಳೂರಿನ ವಾಹನ ದಟ್ಟಣೆಯನ್ನು ಸೇರಿಸಿ ಸಮಯ ಲೆಕ್ಕ ಹಾಕಬೇಕು. ಒಂದು ದಿನ ಮೊದಲೇ ಬೆಂಗಳೂರು ತಲುಪಿರುವುದು ಉತ್ತಮ.

ನಷ್ಟ ಮತ್ತು ದೂರು

ಸಾಮಾನು ಒಡೆದಿದ್ದರೆ, ಕಡಿಮೆಯಾಗಿದ್ದರೆ ಅಥವಾ ಬಾರದಿದ್ದರೆ ನಿಲ್ದಾಣದಿಂದ ಹೊರಬರುವ ಮುನ್ನವೇ ವಿಮಾನಯಾನ ಸಂಸ್ಥೆಯ ಸಾಮಾನು ವಿಭಾಗದಲ್ಲಿ ದೂರು ದಾಖಲಿಸಿ ‘ಪಿ.ಐ.ಆರ್.’ ಸಂಖ್ಯೆ ಇರುವ ಪ್ರತಿಯನ್ನು ಪಡೆಯಬೇಕು. ಪೆಟ್ಟಿಗೆಗೆ ಅಂಟಿಸಿದ ಪಟ್ಟಿ ಹಾಗೂ ಬೋರ್ಡಿಂಗ್ ಪಾಸನ್ನು ಹರಿದು ಹಾಕಬಾರದು. ಭಾರತವು 2009ರಲ್ಲಿ ಸೇರಿದ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಸಾಮಾನು ಹಾನಿಯಾದರೆ 7 ದಿನಗಳೊಳಗೆ, ತಡವಾಗಿ ಬಂದರೆ ಅದು ಕೈಸೇರಿದ 21 ದಿನಗಳೊಳಗೆ ಲಿಖಿತ ದೂರು ಸಲ್ಲಿಸತಕ್ಕದ್ದು. ಈ ಒಪ್ಪಂದದಡಿ ಪರಿಹಾರದ ಮಿತಿಯನ್ನು 2024ರ ಡಿಸೆಂಬರ್ 28ರಿಂದ ಪ್ರತಿ ಪ್ರಯಾಣಿಕರಿಗೆ 1,519 ಎಸ್.ಡಿ.ಆರ್. ಎಂದು ನಿಗದಿಪಡಿಸಲಾಗಿದೆ, ಎಸ್.ಡಿ.ಆರ್. ಎಂಬುದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ. ದೇಶೀಯ ಪ್ರಯಾಣದಲ್ಲಿ ಮಿತಿ 20,000 ರೂ. ಮಾತ್ರ.

ವಿಮಾನಯಾನ ಸಂಸ್ಥೆಯ ಉತ್ತರ ಸಮಾಧಾನಕರವಾಗಿ ಇಲ್ಲದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ ‘ಏರ್‌ಸೇವಾ’ ಜಾಲತಾಣದಲ್ಲಿ ದೂರು ಸಲ್ಲಿಸಬಹುದು, ಗ್ರಾಹಕರ ಆಯೋಗವನ್ನೂ ಸಂಪರ್ಕಿಸಬಹುದು. ಭದ್ರತಾ ಸಿಬ್ಬಂದಿಯ ವರ್ತನೆಯ ಕುರಿತ ದೂರಿನಲ್ಲಿ ನಿಲ್ದಾಣದ ಹೆಸರು, ದಿನಾಂಕ, ವೇಳೆ ಮತ್ತು ತಪಾಸಣಾ ಸಾಲಿನ ಸಂಖ್ಯೆಯನ್ನು ನಮೂದಿಸುವುದು ಅವಶ್ಯ. ಮಾಂಟ್ರಿಯಲ್ ಒಪ್ಪಂದದ ಅನ್ವಯ ಪರಿಹಾರಕ್ಕಾಗಿ ನ್ಯಾಯಾಲಯದಲ್ಲಿ ದಾವೆ ಹೂಡಲು ವಿಮಾನವು ತಲುಪಿದ ದಿನದಿಂದ ಎರಡು ವರ್ಷಗಳ ಕಾಲಾವಕಾಶವಿರುತ್ತದೆ.